ಕರ್ನಲ್ಲರ ಆಕಳಿಕೆ

ಈ ಕತೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಅಂದು ನಾನು ಜನರ ಹಿಂದೆ ನಿಂತಿದ್ದವನು. ಡಾಕ್ಟರರ ಮನಸ್ಸಿನೊಳಗೆ ನಡೆದದ್ದನ್ನು ಅವರೇ ಆಮೇಲೆ ಹೇಳಿದರು. ಹೆಚ್ಚುಕಮ್ಮಿಯಾದರೆ ಕ್ಷಮಿಸಬೇಕು.

ಚುನಾವಣೆಯ ಬೆಳಿಗ್ಗೆ, ಶಾಸನಸಭೆಗೆ ನಿಂತಿದ್ದ ಡಾಕ್ಟರ್ ಲೆಮ್ಯುಯೆಲ್ ಪ್ರೇಥರರ ಬಾಗಿಲಿಗೇ ಅವರ ಎದುರಾಳಿ ಕರ್ನಲ್ ಹಾರ್‌ಗ್ರೋವ್ ಹಲ್ಲುನೋವೆಂದು ಬಂದರು. ಊರಿಗಿದ್ದವರು ಒಬ್ಬರೇ ಡಾಕ್ಟರು. ಗೆಲ್ಲುವ ಯೋಚನೆಯಲ್ಲೇ ಮುಳುಗಿದ್ದ ಪ್ರೇಥರ್, ಹನಿಹನಿಯಾಗಿ ಕೊಡಬೇಕಾದ ಅಫೀಮಿನ ಔಷಧವನ್ನು ಚಮಚದಲ್ಲಿ ಕುಡಿಸಿ ಕಳಿಸಿದರು. ಆ ತಪ್ಪು ಹೊಳೆದದ್ದು ಮತದಾನ ನಡೆಯುತ್ತಿದ್ದ ಕೋರ್ಟಿನ ಜಗಲಿಯಲ್ಲಿ, ಕರ್ನಲ್ಲರ ಪಕ್ಕ ಕೂತ ಮೇಲೆ. ಕರ್ನಲ್ಲರು ಕೊಟ್ಟಿಗೆಯ ಬಾಗಿಲು ತೆರೆದಂತೆ ಆಕಳಿಸಿದರು.

ಕೆಂಟಕಿಯಲ್ಲಿ ಆಗ ಮತವನ್ನು ಎಲ್ಲರೆದುರು ಕೂಗಿ ಹೇಳಬೇಕಿತ್ತು. ಗುಮಾಸ್ತ ಟಿಬ್ಸ್ ಮೊದಲು ಹೆಸರು ಕೇಳುವನು, ಆಮೇಲೆ ‘ಯಾರಿಗೆ?’ ಎನ್ನುವನು; ಮತ ಪಡೆದವರು ಎದ್ದು ತಲೆಬಾಗಿಸಿ ವಂದಿಸುವರು. ಕೊನೆಗೆ ಅಭ್ಯರ್ಥಿಗಳಿಬ್ಬರೂ ಮರ್ಯಾದೆಗೆಂದು ಪರಸ್ಪರ ಮತ ಹಾಕುವರು.

ಕರ್ನಲ್ಲರು ಸತ್ತರೆ? ಎದುರಾಳಿಗೆ ವಿಷವಿಟ್ಟ ಡಾಕ್ಟರ್! ಪ್ರೇಥರರ ಕಣ್ಣ ಮುಂದೆ ನೇಣಿನ ಹಗ್ಗ ತೂಗಿತು.

“ಏಳಿ ಕರ್ನಲ್, ಸ್ವಲ್ಪ ಓಡಾಡೋಣ!”

“ಬಿಡಯ್ಯಾ... ಹಲ್ಲು ಈಗ ಹಾಯಾಗಿದೆ...”

ಪ್ರೇಥರ್ ಅವರನ್ನು ಜಗಲಿಯುದ್ದಕ್ಕೂ ಎಳೆದಾಡಿದರು, ಬಾಯಿಗೆ ಕಪ್ಪು ಕಾಫಿ ಹುಯ್ದರು, ಕದ್ದು ಚಿವುಟಿದರು.

“ನೋಡ್ರೋ, ಎದುರಾಳಿ ಮೇಲೆ ಎಷ್ಟು ಪ್ರೀತಿ!” ಎಂದ ಕಮ್ಮಾರ ಓಟಿಸ್. “ನನ್ನ ಒಳ್ಳೇ ಹಲ್ಲು ಕಿತ್ತಾಗ ಈ ಪ್ರೀತಿ ಎಲ್ಲಿತ್ತು ಡಾಕ್ಟ್ರೇ? ಇರ್ಲಿ ಬಿಡಿ. ಟಿಬ್ಸ್, ನನ್ನದು ಡಾಕ್ಟ್ರಿಗೇ!”

ಡಾಕ್ಟರರು ವಂದಿಸಲು ಬಾಗಿದರೆ ಕರ್ನಲ್ಲರು ಜೋಳದ ಮೂಟೆಯಂತೆ ಅವರ ಬೆನ್ನ ಮೇಲೆ ಒರಗಿದರು. ಜನ ಚಪ್ಪಾಳೆ ತಟ್ಟಿದರು. ಮತಗಳು ಬರುತ್ತಲೇ ಇದ್ದವು; ಪ್ರೇಥರರಿಗೆ ಮಾತ್ರ ಕರ್ನಲ್ಲರ ಉಸಿರೊಂದು ನಿಲ್ಲದಿದ್ದರೆ ಸಾಕಾಗಿತ್ತು.

ಸಂಜೆಗೆ ಡಾಕ್ಟರರು ಒಂದೇ ಒಂದು ಮತದಿಂದ ಮುಂದಿದ್ದರು. ಕರ್ನಲ್ಲರ ಕೆನ್ನೆಗೂ ಕೆಂಪು ಬಂದಿತ್ತು. ಬದುಕಿದರು! ಆ ಸಂತೋಷದಲ್ಲಿ ಪ್ರೇಥರ್ ಗಟ್ಟಿಯಾಗಿ, “ನನ್ನ ಮತ ಕರ್ನಲ್‌ಗೆ!” ಎಂದು ಕೂಗಿದರು. ಸಮಸಮವಾಯಿತು. ಉಳಿದದ್ದು ಕರ್ನಲ್ಲರ ಮತವೊಂದೇ.

“ಹೆಸರು?” ಎಂದ ಟಿಬ್ಸ್.

“ಆಸಾ ಹಾರ್‌ಗ್ರೋವ್,” ಎಂದರು ಕರ್ನಲ್ಲರು, ಕಣ್ಣು ಮುಚ್ಚಿಯೇ.

“ಯಾರಿಗೆ?”

“ಹೇಳಿದ್ನಲ್ಲಪ್ಪಾ... ಆಸಾ ಹಾರ್‌ಗ್ರೋವ್.”

ಟಿಬ್ಸ್ ಬರೆದುಕೊಂಡ. ಕರ್ನಲ್ಲರು ಗೆದ್ದರು.

“ಡಾಕ್ಟ್ರೇ, ತಕರಾರು ಮಾಡ್ರೀ!” ಓಟಿಸ್ ಕಿರುಚಿದ. “ನಿದ್ದೆಗಣ್ಣಲ್ಲಿ ಹೇಳಿದ್ದು ಅದು, ನಡೆಯಲ್ಲ ಅನ್ನಿ!”

ಆ ನಿದ್ದೆ ಎಲ್ಲಿಂದ ಬಂತೆಂದು ಯಾರಾದರೂ ವಿಚಾರಿಸಿಬಿಟ್ಟರೆ?

“ಛೆ ಛೆ, ಅವರು ಪೂರ್ತಿ ಎಚ್ಚರವಾಗೇ ಇದ್ರು,” ಎಂದರು ಪ್ರೇಥರ್, ಬೆವರು ಒರೆಸಿಕೊಳ್ಳುತ್ತ.

ಕೂಡಲೇ ಕರ್ನಲ್ಲರು ಎದ್ದು, ನೆಟ್ಟಗೆ ನಿಂತು, ತಮ್ಮ ಮತಕ್ಕೆ ತಾವೇ ತಲೆಬಾಗಿ ವಂದಿಸಿದರು. ಮತ ಕೂಗಿದಾಗ ಅವರು ನಿಜವಾಗಿ ನಿದ್ದೆಯಲ್ಲಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.