ನನ್ನ ಬೆನ್ನಿಗೆ ಮೌಲಾಸಾಬ್ ಸಾಕ್ಷಿ

ಮನುಷ್ಯನ ದೇಹದಲ್ಲಿ ಸುಳ್ಳು ಹೇಳಲು ನಾಲಿಗೆಯನ್ನು ಬಿಟ್ಟರೆ ಅತ್ಯಂತ ಅನುಕೂಲವಾದ ಅಂಗವೆಂದರೆ ಬೆನ್ನು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ, ಹೆಮ್ಮೆಯಿಂದಲ್ಲ. ಜ್ವರ ಎಂದರೆ ಯಾರಾದರೂ ಹಣೆ ಮುಟ್ಟಿ ನೋಡುತ್ತಾರೆ. ಹೊಟ್ಟೆನೋವು ಎಂದರೆ ಮಧ್ಯಾಹ್ನದ ಊಟಕ್ಕೆ ಕುತ್ತು. ತಲೆನೋವು ಎಂದರೆ ಒಂದು ಗುಳಿಗೆ ಕೊಟ್ಟು, ಅರ್ಧ ಗಂಟೆ ಬಿಟ್ಟು ಬಂದು, ಈಗ ಹೆಂಗೈತಿ ಎಂದು ಕೇಳುತ್ತಾರೆ. ಬೆನ್ನಿಗೆ ಈ ಯಾವ ಕಾಟವೂ ಇಲ್ಲ. ಅದು ಹಿಂದೆ ಇರುತ್ತದೆ. ಹೇಳುವವನಿಗೇ ಕಾಣುವುದಿಲ್ಲ, ಇನ್ನು ಕೇಳುವವರಿಗೆ ಏನು ಕಂಡೀತು. ಬೆನ್ನುನೋವಿನವನು ಎರಡು ರೊಟ್ಟಿ ಹೆಚ್ಚಿಗೆ ತಿಂದರೂ ಯಾರೂ ಅನುಮಾನಪಡುವುದಿಲ್ಲ. ಪಾಪ, ಶಕ್ತಿ ಬರಲಿ ಎಂದು ಮೇಲೊಂದಿಷ್ಟು ಬೆಣ್ಣೆ ಹಾಕುತ್ತಾರೆ. ಹನ್ನೊಂದು ವರ್ಷ ನಾನು ಆ ಬೆಣ್ಣೆಯನ್ನು ತಿಂದಿದ್ದೇನೆ.

ನಾನು ಮಸ್ಕಿಯ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ದಿನವಿಡೀ ನಾನು ಎತ್ತುವ ಅತಿ ಭಾರದ ವಸ್ತುವೆಂದರೆ ಹಾಜರಿ ಪುಸ್ತಕ. ನಮ್ಮ ಪಕ್ಕದ ಮನೆಗೆ ಮೌಲಾಸಾಬ್ ಬಾಡಿಗೆಗೆ ಬಂದ ದಿನ ಈ ಕತೆ ಶುರುವಾಯಿತು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವನ ಕಸುಬು, ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಸಣ್ಣ ಅಂಗಡಿ. ಅಂದು ಅವನ ಕಬ್ಬಿಣದ ಅಲ್ಮಾರಿ ಟಂಟಂ ಗಾಡಿಯಿಂದ ಇಳಿಯದೆ ಅಡ್ಡ ಬಿದ್ದಿತ್ತು. "ಸರ್, ಸ್ವಲ್ಪ ಕೈ ಹಚ್ತೀರೇನ್ರಿ?" ಎಂದ. ನಾನು ಆಗಷ್ಟೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅಂಗಿ ಹೊಲಸಾಗುತ್ತದೆ ಎನ್ನಲು ನಾಚಿಕೆಯಾಗಿ, "ಬೆನ್ನು ಹಿಡಿದೈತಿ ಮೌಲಣ್ಣ" ಎಂದುಬಿಟ್ಟೆ. ಬಾಯಿಂದ ತಾನಾಗಿಯೇ ಬಂದ ಮಾತು. ಅದಕ್ಕೂ ಮೊದಲು ನನ್ನ ಬೆನ್ನಿನ ಬಗ್ಗೆ ನಾನು ಯೋಚನೆ ಮಾಡಿದವನೇ ಅಲ್ಲ.

ಮೌಲಾಸಾಬ್ ಸಾಧಾರಣ ಮನುಷ್ಯನಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ಒಳ್ಳೆಯವನು, ಒಳ್ಳೆಯವರಿಂದ ಇಂಥ ತೊಂದರೆ ಇದ್ದದ್ದೇ. ಮೂರನೆಯ ದಿನ ಹೆಗಲ ಮೇಲೆ ಒಂದು ಹೊಸ ಗಾದಿ ಹೊತ್ತುಕೊಂಡು ಬಂದ. "ಬೆನ್ನಿಗೆ ಮೆತ್ತಂದು ಆಗಂಗಿಲ್ಲ ಸರ್. ಹತ್ತಿ ಒತ್ತಿ ತುಂಬೀನಿ, ಹಲಗಿ ಇದ್ದಂಗ ಐತಿ, ಮಲಗಿ ನೋಡ್ರಿ" ಎಂದ. ರೊಕ್ಕ ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತ. ಅಂದಿನಿಂದ ನಾನು ಆ ಹಲಗೆಯ ಮೇಲೆ ಮಲಗುತ್ತ ಬಂದೆ. ಗಾದಿ ಕೊಟ್ಟವನ ಮರ್ಯಾದೆಗಾದರೂ ನನ್ನ ಬೆನ್ನು ನೋಯಲೇಬೇಕಿತ್ತು, ಹೀಗಾಗಿ ಅದು ನೋಯುತ್ತಲೇ ಇತ್ತು.

ಒಮ್ಮೆ ಬೀದಿಗೆಲ್ಲ ಗೊತ್ತಾದ ನೋವಿನಿಂದ ಎಷ್ಟು ಉಪಯೋಗವಿದೆ ಎಂಬುದು ಆಮೇಲೆ ತಿಳಿಯಿತು. ಗ್ಯಾಸಿನ ಸಿಲಿಂಡರನ್ನು ನನ್ನ ಹೆಂಡತಿ ಶರಣಮ್ಮ ತಾನೇ ಎತ್ತಿ ಒಳಗೆ ತರತೊಡಗಿದಳು. ನಲ್ಲಿ ನೀರು ಬಂದ ದಿನ ಕೊಡಗಳೆಲ್ಲ ಅವಳ ಪಾಲಿಗೆ. ಸಂತೆಕಲ್ಲೂರಿನಲ್ಲಿ ಮಾವನ ಮನೆಯಲ್ಲಿ ಜೋಳದ ಚೀಲ ಇಳಿಸುವಾಗ ನನಗೆ ಬೇವಿನ ಮರದ ಕೆಳಗೆ ಖುರ್ಚಿ ಹಾಕಿ, ಮುಂದೆ ಚಹಾ ಇಡುತ್ತಿದ್ದರು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರೇ ಬೆಂಚಿನ ಒಂದು ತುದಿ ಹಿಡಿದು ನಡೆದರೆ ನಾನು ಬೆಂಚುಗಳ ಪಟ್ಟಿ ಹಿಡಿದು ಹಿಂದೆ ನಡೆದಿದ್ದೇನೆ. ವಾರಕ್ಕೊಮ್ಮೆ ಶರಣಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ನನ್ನ ಬೆನ್ನಿಗೆ ತಿಕ್ಕುತ್ತಿದ್ದಳು. ತಿಕ್ಕಿ ಎದ್ದು ನಿಲ್ಲುವಾಗ ತನ್ನ ಮೊಣಕಾಲು ಹಿಡಿದುಕೊಂಡು, ಅಯ್ಯವ್ವ ಎನ್ನುತ್ತಿದ್ದಳು. ಅದನ್ನು ನಾನು ಕೇಳಿಸಿಕೊಂಡಿದ್ದೇನೆ. ಕೇಳಿಸಿಕೊಂಡೂ ಬೋರಲಾಗಿ ಮಲಗಿದ್ದೇನೆ.

ಒಂದು ದಿನ ಮಾತ್ರ ಈ ಸುಳ್ಳು ನನಗೇ ಅಡ್ಡಬಂತು. ಮೌಲಾಸಾಬನ ಅಪ್ಪ ತೀರಿಕೊಂಡಿದ್ದರು. ನನ್ನನ್ನು ತಮ್ಮಾ ಎನ್ನುತ್ತಿದ್ದ ಮುದುಕ. ಜನಾಜಾ ಹೊರಟಾಗ ಬೀದಿಯ ಗಂಡಸರೆಲ್ಲ, ನಮ್ಮವರು ನಿಮ್ಮವರು ಎನ್ನದೆ, ನಾಲ್ಕು ನಾಲ್ಕು ಹೆಜ್ಜೆ ಹೆಗಲು ಕೊಟ್ಟರು. ಅಂದು ನನಗೂ ಹೆಗಲು ಕೊಡಬೇಕೆಂದು ನಿಜವಾಗಿ ಅನ್ನಿಸಿ ಮುಂದೆ ಹೋದೆ. ಮೌಲಾಸಾಬ್ ಅಳುತ್ತಿದ್ದವನು ಕಣ್ಣೊರೆಸಿಕೊಂಡು, ಮೆಲ್ಲಗೆ ನನ್ನ ಕೈ ಹಿಡಿದು ಪಕ್ಕಕ್ಕೆ ನಿಲ್ಲಿಸಿದ. "ನೀವು ಬ್ಯಾಡ ಸರ್, ನಿಮ್ಮ ಬೆನ್ನು" ಎಂದ. ಅಪ್ಪನ ಹೆಣ ಹೊರುವ ಹೊತ್ತಿನಲ್ಲೂ ಅವನಿಗೆ ನನ್ನ ಬೆನ್ನಿನ ನೆನಪಿತ್ತು. ನಾನು ರಸ್ತೆಯ ಬದಿಯಲ್ಲಿ ನಿಂತು ಅತ್ತೆ.

ಇನ್ನು ನಿಜವಾದ ನೋವಿನ ಕತೆ. ಹೋದ ವರ್ಷ ಆಫೀಸಿನ ಕೆಲಸಕ್ಕೆ ಸಿಂಧನೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿಯ ಪಟ್ಟಿ ಸರಿಮಾಡಲು ಬಗ್ಗಿದವನಿಗೆ ಒಂದು ಸೀನು ಬಂತು. ಅಷ್ಟೇ. ಸೊಂಟದಲ್ಲಿ ಏನೋ ಕಳಕ್ಕೆಂದು, ಮಂಡಿಯೂರಿ ಕುಸಿದೆ. ತುರ್ವಿಹಾಳದ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳು, ದಿನವಿಡೀ ಗದ್ದೆಯಲ್ಲಿ ಬಗ್ಗಿ ನೆಲ್ಲು ಹಚ್ಚಿ ಬಂದವರು, ನನ್ನನ್ನು ರಟ್ಟೆ ಹಿಡಿದು ಎತ್ತಿ ಕೂಡಿಸಿದರು. "ಏನು ಎತ್ತಾಕ ಹೋಗಿದ್ರಿ ಯಜಮಾನ್ರ?" ಎಂದು ಒಬ್ಬಾಕೆ ಕೇಳಿದಳು. ಸೀನಿದೆ ಎಂದು ಹೇಳಲು ಆಗಲಿಲ್ಲ. ಚೀಲ ಎಂದೆ.

ಅಲ್ಲಿಯೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಐದು ದಿನ ಮಲಗಿದೆ. ಸ್ಕ್ಯಾನಿಂಗ್ ಮಾಡಿ, ಬೆನ್ನುಮೂಳೆಯ ಡಿಸ್ಕ್ ಜಾರಿ ನರವನ್ನು ಒತ್ತುತ್ತಿದೆ ಎಂದರು. ಹನ್ನೊಂದು ವರ್ಷ ಭಾರ ಎತ್ತದವನ ಕಾಲಿಗೆ ಹಗ್ಗ ಕಟ್ಟಿ ಭಾರ ತೂಗುಬಿಟ್ಟರು. ಆಸ್ಪತ್ರೆಯ ಬಿಲ್ಲಿಗೆ ನಾನು ಹೆದರಲಿಲ್ಲ. ಎರಡು ವರ್ಷದ ಹಿಂದೆ ಲಿಂಗಸುಗೂರಿನ ಏಜೆಂಟ್ ವೀರೇಶ ಬೆನ್ನುಹತ್ತಿ ಆರೋಗ್ಯ ವಿಮೆ ಮಾಡಿಸಿದ್ದ. ಅದರ ಫಾರಂನಲ್ಲಿ, ನಿಮಗೆ ಈ ಮೊದಲು ಬೆನ್ನು, ಕೀಲು, ಸ್ನಾಯುಗಳ ತೊಂದರೆ ಇತ್ತೇ ಎಂದು ಕೇಳಿದ್ದರು. ಇಲ್ಲ ಎಂದು ಬರೆದು ಸಹಿ ಹಾಕಿದ್ದೆ. ನನ್ನ ಬೆನ್ನಿನ ಬಗ್ಗೆ ನಾನು ನಿಜ ಹೇಳಿದ್ದ ಒಂದೇ ಒಂದು ಜಾಗ ಆ ಫಾರಂ.

ಬಿಲ್ಲು ಕಳಿಸಿ ಕೆಲವು ವಾರಗಳಾದ ಮೇಲೆ, ನಾನೂ ಶರಣಮ್ಮನೂ ಡಾಕ್ಟರಿಗೆ ತೋರಿಸಲು ಸಿಂಧನೂರಿಗೆ ಹೋದ ದಿನವೇ, ಕಂಪನಿಯವರು ವಿಚಾರಣೆಗೆ ಒಬ್ಬರನ್ನು ಕಳಿಸಿದರು. ಮನೆಗೆ ಬೀಗ. ಅವರನ್ನು ಮೌಲಾಸಾಬ್ ತನ್ನ ಮನೆಗೆ ಕರೆದು, ಕೂಡಿಸಿ, ಚಹಾ ಕೊಟ್ಟ. ನಮ್ಮ ಕಡೆ ಒಂದು ತಿಳಿವಳಿಕೆ ಇದೆ: ಪರಿಹಾರ ಕೊಡುವವರು ಕೈಯಲ್ಲಿ ಕಾಗದ ಹಿಡಿದು ಬಂದರೆ ಕಷ್ಟವನ್ನು ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. ಬೆಳೆಹಾನಿ ಬರೆದುಕೊಳ್ಳಲು ಬಂದವರ ಮುಂದೆ ಬಾಗಿದ ಬೆಳೆಯನ್ನು ಯಾರೂ ಬಾಗಿದೆ ಎನ್ನುವುದಿಲ್ಲ, ಮಲಗಿದೆ ಎನ್ನುತ್ತಾರೆ. ಸಂಜೆ ನಾವು ಆಟೋ ಇಳಿಯುತ್ತಿದ್ದಂತೆ ಮೌಲಾಸಾಬ್ ಖುಷಿಯಿಂದ ಓಡಿಬಂದ.

"ನಿಮ್ಮ ಕೆಲಸ ಆತು ಬಿಡ್ರಿ ಸರ್. ಎಲ್ಲಾ ಹೇಳೀನಿ. ಇದು ಇವತ್ತಿನ ಬೆನ್ನಲ್ಲ ಸಾಹೇಬ್ರ, ಹನ್ನೊಂದು ವರ್ಷದ ಬೆನ್ನು ಅಂದೆ. ನಾ ಹೊಲಿದ ಗಾದಿ ವಿಷಯ ಹೇಳೀನಿ. ಅಪ್ಪನ ಜನಾಜಾಕ್ಕ ಹೆಗಲು ಕೊಡಾಕ ಆಗಲಿಲ್ಲಂತ ಅತ್ತಿದ್ದು ಹೇಳೀನಿ. ಎಲ್ಲಾ ಬರಕೊಂಡ್ರು, ಕೆಳಗ ಸಹಿ ಮಾಡೀನಿ. ಭಾಳ ಛಲೋ ಮನುಷ್ಯಾ."

ಹದಿನೈದು ದಿನಕ್ಕೆ ಪತ್ರ ಬಂತು. ಪಾಲಿಸಿಗೆ ಮೊದಲೇ ಇದ್ದ ರೋಗವನ್ನು ಮುಚ್ಚಿಟ್ಟಿದ್ದೀರಿ, ಆದ್ದರಿಂದ ಹಣ ಕೊಡಲಾಗದು ಎಂದಿತ್ತು. ಲಿಂಗಸುಗೂರಿಗೆ ಹೋಗಿ ವೀರೇಶನನ್ನು ಕಂಡೆ. ಅವನು ಪತ್ರ ಓದಿ ಪೆನ್ನಿನಿಂದ ತಲೆ ತುರಿಸಿಕೊಂಡ. "ನೋವು ಮೊದಲೇ ಇತ್ತು ಅನ್ನಾಕ ಡಾಕ್ಟರ್‌ಗೆ ತೋರಿಸಿದ ಹಳೇ ಚೀಟಿ ಐತೇನ್ರಿ?" ಎಂದ. ಒಂದೂ ಇಲ್ಲ ಎಂದೆ. "ಹಂಗಾದ್ರ ಒಂದು ದಾರಿ ಐತಿ. ಸಾಕ್ಷಿ ಹೇಳಿದವನ ಕಡಿಂದ, ನಾ ತಪ್ಪು ತಿಳಕೊಂಡು ಹೇಳೀನಿ, ಇವರಿಗೆ ಮೊದಲು ಬೆನ್ನುನೋವು ಇರಲಿಲ್ಲ ಅಂತ ಬರಸಿಕೊಂಡು ಬರ್ರಿ. ಮತ್ತ ಅರ್ಜಿ ಹಾಕೋಣ. ಆದ್ರ ಸರ್, ಖರೇ ಹೇಳ್ರಿ, ಇತ್ತೋ ಇರಲಿಲ್ಲೋ?" ಎಂದು ನನ್ನ ಮುಖ ನೋಡಿದ. ಇರಲಿಲ್ಲ ಎಂದೆ. ಅವನು ನಂಬಲಿಲ್ಲ.

ಮನೆಗೆ ಬಂದು ಶರಣಮ್ಮನಿಗೆ ಹೇಳಲೇಬೇಕಾಯಿತು. ಅವಳು ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿದಳು. "ಅಂದ್ರ ಈ ಹನ್ನೊಂದು ವರ್ಷ ಸಿಲಿಂಡರ್ ಎತ್ತಿದ್ದು?" ಎಂದಳು. ನಾನು ಹೂಂ ಎಂದೆ. "ಎಣ್ಣಿ ತಿಕ್ಕಿದ್ದು?" ಅದಕ್ಕೂ ಹೂಂ ಎಂದೆ. "ಇನ್ನರ ಎತ್ರಿ ಅನ್ನಾಕೂ ಬರಂಗಿಲ್ಲ. ಈಗ ಖರೇನ ಹಾಳಾಗೈತಿ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಸುಲಿದ ಕಾಳಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುವಾಗ ನನ್ನ ಮುಖ ನೋಡದೆ, "ನನಗ ಹೇಳಿದಂಗ ಮೌಲಣ್ಣಗೂ ಹೇಳಿ ಬರ್ರಿ. ರೊಕ್ಕ ಬರಲಿ ಬಿಡಲಿ" ಎಂದಳು.

ಮೂರು ದಿನ ಅವನ ಅಂಗಡಿಯ ಮುಂದೆ ಹೋಗಿ ಹೋಗಿ ವಾಪಸು ಬಂದೆ. ನಾಲ್ಕನೆಯ ದಿನ ಒಳಗೆ ಹೋದೆ. ಮೌಲಾಸಾಬನ ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ. ಕುಳಿತುಕೊಳ್ಳಲು ಗಟ್ಟಿ ಗಾದಿಯನ್ನೇ ಆರಿಸಿ ಹಾಸಿದ. ಅದರ ಮೇಲೆ ಕುಳಿತು ಎಲ್ಲ ಹೇಳಿದೆ: ಅಲ್ಮಾರಿಯ ದಿನದ ಅಂಗಿ, ನೋಯದ ಬೆನ್ನು, ಅವನ ಅಪ್ಪನಿಗೆ ಕೊಡದ ಹೆಗಲು, ಕೊನೆಗೆ ಕಂಪನಿಯಿಂದ ಬಂದ ಪತ್ರ, ವೀರೇಶ ಬರೆಸಿಕೊಂಡು ಬಾ ಎಂದ ಕಾಗದ. ಬೈಯಲಿ, ಅಂಗಡಿಯಿಂದ ಎದ್ದು ಹೋಗು ಎನ್ನಲಿ ಎಂದು ಕಾದೆ. ಅವನು ಸೂಜಿ ಕೆಳಗಿಟ್ಟು ನನ್ನನ್ನು ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

"ಸರ್, ರೊಕ್ಕದ ಸಲುವಾಗಿ ಇಷ್ಟು ಕೆಳಗ ಇಳೀಬ್ಯಾಡ್ರಿ" ಎಂದ.

"ರೊಕ್ಕದ ಸಲುವಾಗಿ ಅಲ್ಲ ಮೌಲಣ್ಣ. ಖರೇನ ನನಗ ನೋವು ಇರಲಿಲ್ಲ."

"ನಾ ಏನು ಸಣ್ಣವನೇನ್ರಿ? ಅಪ್ಪನ ಮಣ್ಣಿನ ದಿನ ನಿಮ್ಮ ಕಣ್ಣೀರು ನಾ ನೋಡೀನಿ. ಬೆನ್ನು ಛಲೋ ಇದ್ದ ಮನುಷ್ಯಾ ಹೆಗಲು ಕೊಡದ ದೂರ ನಿಂತು ಹಂಗ ಅಳ್ತಾನೇನು? ಅಂಥಾ ಮನುಷ್ಯಾ ದುನಿಯಾದಾಗ ಇರಂಗಿಲ್ರಿ."

ಇದ್ದಾನೆ, ನಿನ್ನ ಮುಂದೆಯೇ ಕುಳಿತಿದ್ದಾನೆ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಕೈಯನ್ನು ಲುಂಗಿಗೆ ಒರೆಸಿಕೊಂಡು ಮುಂದೆ ಚಾಚಿದ. "ಕಾಗದ ತಂದೀರೇನು? ಕೊಡ್ರಿ. ದವಾಖಾನಿ ಖರ್ಚು ಭಾಳ ಆಗೈತಿ, ತ್ರಾಸ ನನಗೂ ತಿಳಿತೈತಿ. ಕೋರ್ಟು ಕಚೇರ್‍ಯಾಗ ಇಲ್ಲೀತನಕ ಒಂದು ಸುಳ್ಳಿಗೂ ಸಹಿ ಹಾಕಿದವ ಅಲ್ಲ. ನಿಮ್ಮ ಸಲುವಾಗಿ ಹಾಕ್ತೀನಿ" ಎಂದ. ನಾನು ಬರೆದುಕೊಂಡು ಹೋಗಿದ್ದ ಕಾಗದದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವನು ಅದನ್ನು ಓದಲೂ ಇಲ್ಲ, ಏನೋ ಹೊಲಸು ಮುಟ್ಟಿದವನಂತೆ ಬೇಗ ಬೇಗ ಹೆಸರು ಬರೆದು ವಾಪಸು ಕೊಟ್ಟ. ನಾನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

"ಹೇಳಿದ್ರೇನು?" ಎಂದು ಶರಣಮ್ಮ ಕೇಳಿದಳು. ಹೇಳಿದೆ, ನಂಬಲಿಲ್ಲ ಎಂದೆ. ಅವಳು ನಕ್ಕಳು. ವಾರದ ಮೇಲೆ ಅದೇ ಅವಳ ಮೊದಲ ನಗು, ಆದರೆ ಅದು ನನ್ನ ಜೊತೆ ನಕ್ಕದ್ದಲ್ಲ. ಕಾಗದವನ್ನು ಕಳಿಸಬಾರದು, ಹರಿದು ಹಾಕಬೇಕು ಎಂದು ಎರಡು ದಿನ ಅಂದುಕೊಂಡೆ. ಮೂರನೆಯ ದಿನ ವೀರೇಶನಿಗೆ ಕೊಟ್ಟು ಬಂದೆ.

ರೊಕ್ಕ ಬಂತು. ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ಮೌಲಾಸಾಬ್. ಮುಂದಿನ ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಬರುವಾಗ ನಮ್ಮ ಬಾಗಿಲಲ್ಲಿ ನಿಂತ. ತಲೆಯ ಟೋಪಿ ಇನ್ನೂ ತೆಗೆದಿರಲಿಲ್ಲ. ದನಿ ತಗ್ಗಿಸಿ, "ಆ ಸುಳ್ಳಿಗೆ ಇವತ್ತು ಮಾಫಿ ಕೇಳಿ ಬಂದೀನಿ ಸರ್. ನಿಮ್ಮ ಹೆಸರಿನ ಮ್ಯಾಲೂ ಕೇಳೀನಿ, ನೀವೇನು ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದ. ಹನ್ನೊಂದು ವರ್ಷದಲ್ಲಿ ನನ್ನ ಬೆನ್ನಿನ ಸುಳ್ಳಿಗಾಗಿ ಯಾರಾದರೂ ದೇವರ ಮುಂದೆ ತಲೆ ಬಾಗಿಸಿದ್ದರೆ ಅದು ಸುಳ್ಳೇ ಹೇಳದ ಈ ಮನುಷ್ಯ. ಇನ್ನೊಮ್ಮೆ ಅವನನ್ನು ಕೂಡಿಸಿ, ನಂಬುವವರೆಗೂ ಹೇಳಬಹುದಿತ್ತು. ಆದರೆ ಅವನು ನಂಬದೆ ಇರುವುದು ನನಗೆ ಒಳಗೊಳಗೇ ಹಿತವಾಗಿತ್ತು, ಇದಕ್ಕಿಂತ ನಾಚಿಕೆಗೇಡಿನ ಮಾತನ್ನು ನಾನು ಬರೆಯಲಾರೆ. "ಭಾಳ ಉಪಕಾರ ಆತು ಮೌಲಣ್ಣ" ಎಂದೆ. ಅಂದು ನನಗೆ ನೋವೇನೂ ಇರಲಿಲ್ಲ, ಡಾಕ್ಟರು ವಾಸಿಯಾಗಿದೆ ಎಂದು ಹೇಳಿ ತಿಂಗಳಾಗಿತ್ತು. ಆದರೂ ಅಷ್ಟು ಹೇಳುವಾಗ ನನ್ನ ಕೈ ಸೊಂಟದ ಮೇಲೆಯೇ ಇತ್ತು.