ಅತ್ತೆ ಆಫ್ ಮಾಡಗೊಡದ ಫ್ರಿಜ್ಜು

ಬೆಂಕಿಯನ್ನು ಹತೋಟಿಗೆ ತಂದ ದಿನ ಮನುಷ್ಯ ನಾಗರಿಕನಾದ ಎಂದು ತಿಳಿದವರು ಹೇಳುತ್ತಾರೆ. ಮಂಜುಗಡ್ಡೆಯನ್ನು ಹತೋಟಿಗೆ ತಂದ ಮೇಲೆ ಅವನ ಗತಿ ಏನಾಯಿತೆಂದು ನೋಡಬೇಕಾದರೆ, ಪದ್ಮನಾಭನಗರದ ನಮ್ಮ ಮನೆಗೆ ಬಂದು ನನ್ನ ಸೋದರತ್ತೆಯ ಫ್ರೀಜರಿನ ಬಾಗಿಲು ತೆಗೆಯಬೇಕಿತ್ತು. ತೆಗೆಯಲು ಅತ್ತೆ ಬಿಟ್ಟಿದ್ದರೆ.

ಅತ್ತೆಗೆ ಎಪ್ಪತ್ತಾರು, ಫ್ರಿಜ್ಜಿಗೆ ಇಪ್ಪತ್ತೆಂಟು. ನಮ್ಮೊಡನೆ ಇರಲು ಬಂದಾಗ ಅತ್ತೆ ತಂದ ಆಸ್ತಿ ಅದೊಂದೇ. ಫ್ರೀಜರಿನಲ್ಲಿ ನಾಲ್ಕು ಬೆರಳು ದಪ್ಪ ಮಂಜು ಕಟ್ಟಿ, ಒಂದು ಬೆಂಕಿಪೊಟ್ಟಣ ಇಡುವಷ್ಟು ಜಾಗ ಉಳಿದಿತ್ತು. ಹಿಂದಿನ ವರ್ಷದ ಹಿತಕಿದ ಅವರೆಬೇಳೆಯ ಪೊಟ್ಟಣ ಆ ಗೋಡೆಯೊಳಗೆ ಸಮಾಧಿಯಾಗಿತ್ತು. ಸಾರು ಮಾಡುವ ದಿನ ನನ್ನ ಹೆಂಡತಿ ಅದರ ದರ್ಶನ ಪಡೆದು, ಬೇರೆ ತರಕಾರಿ ತರಲು ನನ್ನನ್ನು ಅಂಗಡಿಗೆ ಅಟ್ಟುತ್ತಿದ್ದಳು.

ಇಂಥದ್ದನ್ನು ಆಗಾಗ ಆಫ್ ಮಾಡಿ, ಕರಗಿಸಿ, ಒರೆಸಬೇಕೆಂಬುದು ಎಳೆಯ ಮಕ್ಕಳಿಗೂ ಗೊತ್ತು. ಮಂಜು ಕರಗಿಸಲೆಂದೇ ಒಳಗೊಂದು ಗುಂಡಿಯೂ ಇತ್ತು. ಅತ್ತೆ ಅದರ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿದ್ದರು.

“ಆಫ್ ಮಾಡಿದ್ರೆ ಮತ್ತೆ ಆನ್ ಆಗುತ್ತೆ ಅಂತ ಬರ್ಕೊಡ್ತೀಯೇನೋ?”

“ಕರೆಂಟ್ ಹೋದಾಗ್ಲೂ ಆಫ್ ಆಗುತ್ತಲ್ಲತ್ತೆ?”

“ಅದು ಕರೆಂಟಿನವರು ತೆಗೆಯೋದು, ಅವರೇ ಕೊಡ್ತಾರೆ. ನೀನು ತೆಗೆದ್ರೆ ಯಾರು ಕೊಡ್ತಾರೆ?”

ಮೂವತ್ತು ವರ್ಷ ಸರ್ಕಾರಿ ಕಡತಗಳ ಮೇಲೆ ಆಕ್ಷೇಪಣೆ ಬರೆದ ನಾನು, ಸಡಿಲಾಗಿದ್ದ ಪ್ಲಾಸ್ಟರನ್ನು ಒತ್ತಿ ಅಂಟಿಸಿ ಬಾಗಿಲು ಮುಚ್ಚಿದೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅತ್ತೆಯ ಬಲಮಂಡಿ ಸವೆದುಹೋಗಿತ್ತು. ಆಪರೇಷನ್ ಮಾಡಿಸದಿದ್ದರೆ ನಡೆಯುವುದೇ ನಿಂತೀತು ಎಂದು ಜಯನಗರದ ಡಾಕ್ಟರು ಹೇಳಿಯಾಗಿತ್ತು. ಎರಡು ಸಲ ದಿನ ಗೊತ್ತಾಯಿತು. ಎರಡು ಸಲವೂ ಅತ್ತೆ ಹೊರಡಲಿಲ್ಲ. ಕಾರಣವೇನು ಗೊತ್ತೆ?

“ನಾನು ಆಸ್ಪತ್ರೇಲಿ ಮಲಗಿದ್ರೆ ನೀವು ಗಂಡ ಹೆಂಡ್ತಿ ಫ್ರಿಜ್ ಆಫ್ ಮಾಡ್ತೀರ.”

ಒಂದು ಮಂಜುಗಡ್ಡೆಗೆ ತಮ್ಮ ಕಾಲನ್ನೇ ಬಲಿ ಕೊಡುವುದೆಂದರೇನು! ನಾನು ಪ್ರತಿಭಟಿಸಿ ಊಟ ಬಿಟ್ಟು ಎದ್ದೆ. ಅಂದು ಹೋಳಿಗೆ ಮಾಡಿದ್ದರಿಂದ ಮತ್ತೆ ಕೂತೆ.

ಕೊನೆಗೆ ಒಂದು ಭಾನುವಾರ ಫ್ರೀಜರಿನ ಬಾಗಿಲು ಮುಚ್ಚುವುದೇ ನಿಂತಿತು. ಅತ್ತೆಯ ಕಣ್ಣೆದುರೇ ಸ್ವಿಚ್ ಆರಿಸಿದೆ. ಅವರು ಫ್ರಿಜ್ಜಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ನಂಟರು ಸೀರಿಯಸ್ ಆಗಿರುವಾಗ ವಾರ್ಡಿನ ಹೊರಗೆ ಕೂರುವವರ ಹಾಗೆ ಕೂತರು. ಸಂಜೆಯ ಹೊತ್ತಿಗೆ ಮಂಜು ಕಳಚಿತು, ಎರಡು ಬಕೆಟ್ ನೀರು ಹೊರಹೋಯಿತು. ಹೆಂಡತಿ ಅಡುಗೆ ಸೋಡಾ ಹಾಕಿ ಒರೆಸಿದಳು. ಅವರೆಬೇಳೆಗೆ ಬಿಡುಗಡೆಯಾಯಿತು.

ಸ್ವಿಚ್ ಹಾಕಿದೆ. ಸದ್ದಿಲ್ಲ.

“ಸ್ಟೆಬಿಲೈಜರ್ ಅತ್ತೆ. ಮೂರು ನಿಮಿಷ ಬಿಟ್ಟೇ ಕರೆಂಟ್ ಕೊಡೋದು.”

ಅತ್ತೆ ನನ್ನ ಮುಂಗೈ ಹಿಡಿದುಕೊಂಡರು.

“ನಂಗೂ ಇಂಜೆಕ್ಷನ್ ಕೊಟ್ಟು ಮಲಗಿಸ್ತಾರಂತಲ್ಲೋ. ಹಳೇ ಮೆಷಿನ್ನು ಇದು. ಎಬ್ಬಿಸಕ್ಕಾಗ್ದೇ ಹೋದ್ರೆ?”

ಹಿಡಿದ ಕೈಯ ಮೇಲೆ ಇನ್ನೊಂದು ಕೈ ಇಟ್ಟೆ.

“ನೀವು ಏಳೋವರೆಗೂ ನಾನು ಬಾಗಿಲಲ್ಲೇ ಇರ್ತೀನತ್ತೆ.”

ಫ್ರಿಜ್ಜು ಒಮ್ಮೆ ನಡುಗಿ ಗುರ್ ಎಂದಿತು.

ಮುಂದಿನ ತಿಂಗಳು ಅತ್ತೆಯ ಆಪರೇಷನ್ ಆಯಿತು. ಮಧ್ಯಾಹ್ನ ಎರಡೂಕಾಲಿಗೆ ಕಣ್ಣು ಬಿಟ್ಟು ಕಾಫಿ ಕೇಳಿದರು. ಸಂಜೆಯವರೆಗೆ ಕೊಡಕೂಡದೆಂದು ನರ್ಸ್ ಹೇಳಿದರು. “ಸ್ಟೆಬಿಲೈಜರ್ ಅತ್ತೆ,” ಎಂದೆ.