ಕುಡಗೋಲು ಪಿಕ್ಚರಿನ ಕೊನೆಯ ರೀಲು

ಟೆಂಟ್ ಸಿನಿಮಾದವರ ಮನೆಗೆ ಸೊಸೆಯಾಗಿ ಬಂದವಳು ನಗುವುದಕ್ಕೆಂದು ಬೇರೆಲ್ಲೂ ಹೋಗಬೇಕಾಗಿಲ್ಲ. ಪರದೆಯ ಮೇಲೆ ಎಂಥ ಅಳುವ ಕಥೆ ಓಡುತ್ತಿದ್ದರೂ ಪರದೆಯ ಈಚೆ ಕೂತ ಜನ ಏನಾದರೊಂದು ಮಾಡಿಯೇ ತೀರುತ್ತಾರೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ನಗಿಸಿದ್ದು ಮಾತ್ರ ಹೆದರಿಸಿ ಜೀವ ತೆಗೆಯಲೆಂದೇ ಮಾಡಿದ ಒಂದು ಪಿಕ್ಚರ್. ಬಹಳ ಹಿಂದಿನ ಮಾತೇನೂ ಅಲ್ಲ. ಮನೆಮನೆಗೆ ಟಿ.ವಿ. ಬರುವ ಮುಂಚೆ. ಆಗ ಮಡಿಲಲ್ಲಿದ್ದ ನನ್ನ ಮಗ ಈಗ ಸ್ಲೇಟು ಹಿಡಿದಿದ್ದಾನೆ, ಅಷ್ಟೇ.

ಹೆಂಗಸರ ಕಡೆ ಖಾಲಿ

ನಮ್ಮ ಟೆಂಟು ಇದ್ದದ್ದು ಕುರುಗೋಡಿನಲ್ಲಿ. ಮಾಲೀಕರು ಮಾವ, ಮಿಷಿನ್ ಓಡಿಸುವವರು ನನ್ನ ಗಂಡ, ಹೆಂಗಸರ ಟಿಕೆಟ್ ಕಿಂಡಿಯಲ್ಲಿ ನಾನು. ಒಳಗೆ ನಡುವೆ ಒಂದು ಗಿಡ್ಡ ಗೋಡೆ. ಈಚೆ ಗಂಡಸರು, ಆಚೆ ಹೆಂಗಸರು. ಆ ಬೇಸಿಗೆಯಲ್ಲಿ ಸಿಕ್ಕ ಪಿಕ್ಚರುಗಳೆಲ್ಲ ಬರೀ ಹೊಡೆದಾಟದವು. ಗೋಡೆಯ ಆಚೆ ಹೆಂಗಸರ ಬದಲು ನಾಯಿಗಳು ಮಲಗತೊಡಗಿದವು.

ಒಂದು ದಿನ ಊಟಕ್ಕೆ ಕೂತಾಗ ಮಾವ ಮಗನಿಗೆ ಹೇಳಿಯೇಬಿಟ್ಟರು. "ಹೆಣ್ಮಕ್ಳು ಬರಲಾರದ ಟೆಂಟು ಟೆಂಟಲ್ಲ. ಮುಂದಿನ ಪಿಕ್ಚರ್ ಒಂದು ನೋಡ್ತೀನಿ. ಆ ಕಡೆ ತುಂಬಲಿಲ್ಲಂದ್ರ ಬಿಚ್ಚಿ ಮಾರಿಬಿಡೋದ. ನೀ ಬಳ್ಳಾರಿಗೆ ಹೋಗಿ ನಿಮ್ಮ ಸೋದರಮಾವನ ಎಣ್ಣಿ ಮಿಲ್ಲಿನಾಗ ಕೂಡು."

ನನ್ನ ಗಂಡ ತುತ್ತನ್ನು ಕೈಯಲ್ಲೇ ಹಿಡಿದು ಕೂತರು. ದಿನಾ ಸಂಜೆ ಆ ಮಿಷಿನ್ನಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಆಮೇಲೆ ಮುಟ್ಟುವ ಮನುಷ್ಯ. ನನಗೆ ಹೂ ತರುವುದನ್ನು ಮರೆತರೂ ಅದಕ್ಕೆ ಮರೆತವರಲ್ಲ. ಅಂಥವರನ್ನು ಎಣ್ಣೆ ಮಿಲ್ಲಿನಲ್ಲಿ ಕೂರಿಸಿದರೆ ಅವರೂ ಹಿಂಡಿಯಾಗಿಯೇ ಹೊರಗೆ ಬರುತ್ತಾರೆ ಎಂದು ನನಗೆ ಗೊತ್ತಿತ್ತು.

"ಮುಂದಿನ ಪಿಕ್ಚರ್ ಯಾವುದು?" ಎಂದೆ.

"ಇಂಗ್ಲಿಷಿಂದು," ಎಂದರು ಗಂಡ ಸಣ್ಣ ದನಿಯಲ್ಲಿ. "ಒಬ್ಬ ಮಾರಿಗೆ ಮುಸುಕು ಹಾಕ್ಕೊಂಡು ಬಂದು ಕಾಲೇಜು ಹುಡುಗರನ್ನೆಲ್ಲಾ ಕುಡಗೋಲಿಂದ ಕಡೀತಾನಂತ. ಬ್ಯಾರೆ ಯಾವ ಪಿಕ್ಚರೂ ಖಾಲಿ ಇಲ್ಲ ಅಂದ್ರು."

"ಹೆಣ್ಮಕ್ಳನ್ನ ಕರೆಸಾಕ ಚಲೋದನ್ನ ಆರಿಸಿ ಕೊಟ್ಟಾರ," ಎಂದೆ.

ಆ ಮನೆಯಲ್ಲಿ ಎಸ್ಸೆಸ್ಸೆಲ್ಸಿ ತನಕ ಓದಿದವಳು ನಾನೊಬ್ಬಳೇ. ಆದ್ದರಿಂದ ನನಗೆ ಇಂಗ್ಲಿಷ್ ಬರುತ್ತದೆಂದು ಮಾವ ನಂಬಿದ್ದರು. ಆ ನಂಬಿಕೆಯನ್ನು ನಾನೂ ಕೆಡಿಸಲು ಹೋಗಿರಲಿಲ್ಲ. ಪಿಕ್ಚರ್ ಮೊದಲು ಬಳ್ಳಾರಿಗೆ, ಆಮೇಲೆ ಸಿರುಗುಪ್ಪಕ್ಕೆ, ಸವೆದು ಸಣ್ಣಗಾದ ಮೇಲೆ ನಮಗೆ. "ತವರುಮನಿಗೆ ಹೋಗಿ ನೋಡ್ಕೊಂಡು ಬಾರವ್ವಾ, ಹೆಣ್ಮಕ್ಳು ಏನಂತಾರ ತಿಳೀಲಿ," ಎಂದು ಮಾವ ತಾವೇ ಬಸ್ಸು ಹತ್ತಿಸಿದರು. ಮದುವೆಯಾದ ಮೇಲೆ ನಾನು ಕೇಳದೆ ತವರಿಗೆ ಕಳಿಸಿದ್ದು ಅದೊಂದೇ ಸಲ. ಅದೂ ಕೊಲೆ ನೋಡಿಕೊಂಡು ಬರುವುದಕ್ಕೆ.

ಹದಿನೆಂಟು ತುಂಬಿದವ

ನನ್ನ ತವರು ಬಳ್ಳಾರಿಯ ಬ್ರೂಸ್‌ಪೇಟೆ. ಅವ್ವನನ್ನು ಜೊತೆಗೆ ಕರೆದುಕೊಂಡು, ಮಗನನ್ನು ಎತ್ತಿಕೊಂಡು ಮ್ಯಾಟ್ನಿಗೆ ಹೋದೆ. ಗೇಟಿನವನು ಅಡ್ಡ ಬಂದ.

"ಇದು ಹದಿನೆಂಟು ತುಂಬಿದವರಿಗೆ ಅಷ್ಟ ರೀ ಅಕ್ಕಾರ."

"ಇವಗೂ ಹದಿನೆಂಟು ತುಂಬ್ಯಾವ," ಎಂದೆ. "ತಿಂಗಳು."

ಅವನು ನಗುವಷ್ಟರಲ್ಲಿ ಒಳಗೆ ಹೋಗಿ ಕೂತೆ. ಮುಂದಿನ ಸಾಲಿನ ತುಂಬ ಕಾಲೇಜು ಹುಡುಗರು. ಹೆದರುವವರು ಎದ್ದು ಹೋಗಬಹುದು ಎಂದು ಒಬ್ಬರಿಗೊಬ್ಬರು ಸವಾಲು ಹಾಕುತ್ತಿದ್ದರು. ಪಿಕ್ಚರ್ ಶುರುವಾಯಿತು. ಪರದೆಯ ಮೇಲೆ ಚೀರಾಟ ಇರುವಷ್ಟು ಹೊತ್ತೂ ನನ್ನ ಮಗ ತೊಟ್ಟಿಲಲ್ಲಿದ್ದವನ ಹಾಗೆ ನಿದ್ದೆ ಮಾಡಿದ. ಟೆಂಟಿನ ಗದ್ದಲದಲ್ಲೇ ಹುಟ್ಟಿ ಬೆಳೆದ ಮಗು, ಅವನಿಗೆ ಸದ್ದೇ ಜೋಗುಳ. ಆಮೇಲೆ ಮುಸುಕಿನವನು ಕತ್ತಲಲ್ಲಿ ಮೆಲ್ಲಗೆ ಬಾಗಿಲು ತಳ್ಳುವ ಜಾಗ ಬಂತು. ಸಂಗೀತ ನಿಂತಿತು. ಥಿಯೇಟರಿನಲ್ಲಿ ಉಸಿರಿನ ಸದ್ದೂ ಇಲ್ಲ. ಆ ಮೌನಕ್ಕೆ ನನ್ನ ಮಗ ಎಚ್ಚರಗೊಂಡು ಕಿಟಾರನೆ ಕಿರುಚಿದ.

ಮುಂದಿನ ಸಾಲು ಇಡಿಯಾಗಿ ಎದ್ದು ನಿಂತಿತು. ಸವಾಲು ಹಾಕಿದ್ದ ಹುಡುಗ ಸೋಡಾವನ್ನೆಲ್ಲ ತನ್ನ ಪ್ಯಾಂಟಿನ ಮೇಲೆ ಚೆಲ್ಲಿಕೊಂಡು ನನ್ನ ಕಡೆ ತಿರುಗಿದ.

"ಅಕ್ಕಾ, ಆ ಕೂಸನ್ನ ಹೊರಗ ಕರ್ಕೊಂಡು ಹೋಗ್ರಿ."

"ಹೆದರಬೇಕಂತ ರೊಕ್ಕ ಕೊಟ್ಟು ಬಂದೀಯಪ್ಪಾ," ಎಂದೆ. "ನನ್ನ ಮಗ ಪುಕ್ಕಟೆ ಹೆದರಿಸಾಕತ್ಯಾನ. ಕುಂದ್ರು."

ಒಂದು ಸಲ ಹೇಳಬಹುದು

ಬಳ್ಳಾರಿಯ ಥಿಯೇಟರಿನಲ್ಲಿ ಹೆಂಗಸರೇ ಇರಲಿಲ್ಲ, ನನ್ನನ್ನು ಮತ್ತು ಅವ್ವನನ್ನು ಬಿಟ್ಟರೆ. ಪಿಕ್ಚರಿನ ಹಿಂದೆಯೇ ಸಿರುಗುಪ್ಪಕ್ಕೆ ಹೋದೆ. ಅಲ್ಲಿ ನನ್ನ ಅಕ್ಕನ ಮನೆ. ಭತ್ತದ ಕೊಯ್ಲು ಮುಗಿಸಿದ ಕೆಂಚನಗುಡ್ಡದ ಹೆಣ್ಣಾಳುಗಳು ಗುಂಪಾಗಿ ಪಿಕ್ಚರಿಗೆ ಬಂದಿದ್ದರು. ಮುಸುಕಿನವನು ಕುಡಗೋಲು ಎತ್ತಿದ ಕೂಡಲೇ ಒಬ್ಬಳು, "ಅದನ್ನ ಹಿಡಿಯಾಕ ಬರಂಗಿಲ್ಲ ಅವಗ, ನಮ್ಮ ಗದ್ದಿಗೆ ಬಂದಿದ್ರ ಮಧ್ಯಾಹ್ನಕ್ಕ ಮನಿಗೆ ಕಳಿಸ್ತಿದ್ವಿ," ಎಂದಳು. ಅಲ್ಲಿಗೆ ಹೆದರಿಕೆ ಮುಗಿಯಿತು.

ಒಬ್ಬ ಹುಡುಗಿ ದೊಡ್ಡ ಬಂಗಲೆಯಲ್ಲಿ ಒಬ್ಬಳೇ ಇದ್ದಾಳೆ. ಮುಸುಕಿನವನು ಹಿಂದಿನಿಂದ ಬರುತ್ತಿದ್ದಾನೆ.

"ಇಷ್ಟು ದೊಡ್ಡ ಮನಿ ಕಟ್ಟ್ಯಾರ, ಒಂದು ಚಿಲಕ ಹಾಕಾಕ ಏನಾಗಿತ್ತು," ಎಂದಳು ನನ್ನ ಅಕ್ಕ.

ಕೆಂಚನಗುಡ್ಡದ ಒಬ್ಬಾಕೆಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದಳು. "ಏ ಹುಡುಗೀ, ಹಿಂದ ನೋಡು."

ಪರದೆಯ ಮೇಲಿನ ಹುಡುಗಿ ಸರಿಯಾಗಿ ಆಗಲೇ ಹಿಂದೆ ನೋಡಿ ಓಡಿದಳು. ಈಕೆ ಸೆರಗು ಸರಿಮಾಡಿಕೊಂಡು, ಸುತ್ತ ಕೂತವರನ್ನೆಲ್ಲ ನೋಡಿ, "ನಾ ಹೇಳಿದ್ದಕ್ಕ ಉಳಿದ್ಲು," ಎಂದು ಕೂತಳು. ಮುಂದಿನ ರೀಲಿನಲ್ಲಿ ಅದೇ ಹುಡುಗಿ ಅದೇ ಮನೆಗೆ ವಾಪಸು ಬಂದು ಕಡಿಸಿಕೊಂಡಳು. ಎಲ್ಲರೂ ಈಕೆಯ ಕಡೆ ತಿರುಗಿದರು.

"ಒಂದು ಸಲ ಹೇಳಬಹುದು," ಎಂದಳು ಆಕೆ. "ದಿನಾ ಬಂದು ಹೇಳಾಕ ಆಕ್ಕೈತೇನು?"

ಆದರೆ ಹೊರಗೆ ಬರುವಾಗ ಯಾರೂ ನಗುತ್ತಿರಲಿಲ್ಲ. "ಎಲ್ಲಾ ಎಳೇ ಮಕ್ಕಳು. ಒಂದಾದ್ರೂ ಉಳಿದು ಮನಿಗೆ ಹೋಗಬಾರದಿತ್ತಾ," ಎಂದು ಗೊಣಗುತ್ತ ಹೋದರು. ಕುರುಗೋಡಿಗೆ ಬಂದು ಮಾವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಹೆಣ್ಮಕ್ಳು ಹೆದರಂಗಿಲ್ಲ ಮಾವಾರ. ಸಿಟ್ಟಾಗ್ತಾರ." ಮಾವ ಟೆಂಟಿನ ಗೂಟಗಳನ್ನು ಒಂದೊಂದಾಗಿ ನೋಡುತ್ತ ನಿಂತರು.

ರೈತಾಪಿ ಕುಟುಂಬದ ಕಥೆ

ನಮ್ಮ ಪಿಕ್ಚರುಗಳನ್ನು ಜಟಕಾದಲ್ಲಿ ಮೈಕು ಕಟ್ಟಿಕೊಂಡು ಸಾರುವವನೊಬ್ಬನಿದ್ದ. ಅವನಿಗೆ ಬಾಯಿಪಾಠ ಬರುತ್ತಿದ್ದದ್ದು ಒಂದೇ. ಪಿಕ್ಚರ್ ಯಾವುದೇ ಇರಲಿ, ಅದನ್ನೇ ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಹೇಳುತ್ತಿದ್ದ. "ಮಹಿಳೆಯರ ಮನಮೆಚ್ಚಿದ, ಕಣ್ಣೀರು ತರಿಸುವ ಸಾಂಸಾರಿಕ ಚಿತ್ರ. ಸಕುಟುಂಬ ಸಪರಿವಾರ ಸಮೇತ ಬಂದು ನೋಡಿ ಆನಂದಿಸಿರಿ." ಅವತ್ತೂ ಅದನ್ನೇ ಸಾರುತ್ತ ಹೊರಟ. ಜಟಕಾದ ಎರಡೂ ಬದಿಗೆ ರಕ್ತ ಸುರಿಯುವ ಕುಡಗೋಲು ಹಿಡಿದ ಮುಸುಕಿನವನ ಚಿತ್ರ.

ನನ್ನ ಗಂಡ ಅವನನ್ನು ತಡೆಯಲು ಸೈಕಲ್ ಹತ್ತಿ ಓಡಿದರು. ಮುಟ್ಟುವಷ್ಟರಲ್ಲಿ ನೀರಿನ ನಲ್ಲಿಯ ಹತ್ತಿರ ಕೊಡ ಹಿಡಿದ ಹೆಂಗಸೊಬ್ಬಳು ಜಟಕಾ ನಿಲ್ಲಿಸಿ ಕೇಳುತ್ತಿದ್ದಳು.

"ಸಂಸಾರದ ಪಿಕ್ಚರ್ ಅಂತೀ, ಅವ ಕುಡಗೋಲು ಯಾಕ ಹಿಡಿದಾನೋ?"

"ರೈತಾಪಿ ಕುಟುಂಬದ ಕಥಿ ರೀ ಅಕ್ಕಾರ," ಎಂದ ಅವನು, ಕಣ್ಣು ಕೂಡ ಮಿಟುಕಿಸದೆ.

ಎಂಥ ಡಾಕ್ಟರು

ಸಂಜೆ ಹೆಂಗಸರ ಸಾಲು ಕಂಡು ಮಾವ ಖುಷಿಯಾದರು, ಟಿಕೆಟ್ ಹರಿದು ಕೊಡುತ್ತಿದ್ದ ನನಗೆ ಚಿಂತೆ ಹತ್ತಿತು. ಸಂಸಾರದ ಕಥೆಯೆಂದು ಮಕ್ಕಳನ್ನು ಎತ್ತಿಕೊಂಡು ಬಂದವರು ಕೊಲೆ ನೋಡಿದರೆ ಆ ಕಡೆ ಮತ್ತೆಂದೂ ತುಂಬುವುದಿಲ್ಲ.

ಮಿಷಿನ್ ಕೋಣೆಯಲ್ಲಿ ಇನ್ನೊಂದು ಫಜೀತಿ ನಡೆದಿತ್ತು. ಬಸ್ಸಿನ ಮೇಲೆ ಬರುವಾಗ ಮಳೆಗೆ ಸಿಕ್ಕಿ ರೀಲಿನ ಡಬ್ಬಿಗಳ ಮೇಲಿನ ಚೀಟಿಗಳೆಲ್ಲ ಕಿತ್ತುಹೋಗಿದ್ದವು. ರೀಲುಗಳ ತುದಿ ಹರಿದು ಹರಿದು ನಂಬರೂ ಉಳಿದಿರಲಿಲ್ಲ. ನಾನು ಕಿಂಡಿಯಲ್ಲಿದ್ದೆ, ಪಿಕ್ಚರನ್ನೇ ನೋಡಿರದ ನನ್ನ ಗಂಡ ಒಂದೊಂದು ರೀಲನ್ನೂ ಬಲ್ಬಿಗೆ ಹಿಡಿದು ತಾವೇ ಜೋಡಿಸಿಕೊಂಡಿದ್ದರು.

ಕಿಂಡಿ ಮುಚ್ಚಿ ಒಳಗೆ ಬಂದು ನೋಡುತ್ತೇನೆ, ಪಿಕ್ಚರ್ ಕೊಲೆಯಿಂದಲೇ ಶುರುವಾಗಿದೆ. ಕೋಣೆಗೆ ಓಡಿದೆ.

"ಏನ್ರೀ, ಇದು ನಡುವಿನ ರೀಲು. ಹುಡುಗರೆಲ್ಲಾ ಕೆರಿ ದಂಡಿಗೆ ಬಂದು ನಕ್ಕೋಂತ ನಿಲ್ಲೋದು ಮೊದಲನೇದು."

"ನನಗ ಹೇಳಬ್ಯಾಡ," ಎಂದರು. "ಎಲ್ಲಾರೂ ಕೂಡಿ ನಗೋದು ಕೊನೇ ರೀಲು. ಇಷ್ಟು ವರ್ಷ ಮಿಷಿನ್ ಓಡಿಸೀನಿ, ಯಾವ ಪಿಕ್ಚರಿನಾಗ ಮೊದಲ ನಕ್ಕಾರ?"

ಹೋಗಿ ಹೆಂಗಸರ ನಡುವೆ ಕೂತೆ. ಒಬ್ಬೊಬ್ಬ ಹುಡುಗ ಸತ್ತಾಗಲೂ ಎದೆ ಹಿಡಿದುಕೊಳ್ಳುತ್ತಿದ್ದರು. ರೂಪನಗುಡಿಯಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬಳು, "ಸಂಸಾರದ ಕಥಿ ಅಂದ್ರು, ಒಂದು ಸಂಸಾರಾನೂ ಉಳಿಸಲಿಲ್ಲ," ಎಂದು ಚಪ್ಪಲಿ ಹುಡುಕತೊಡಗಿದಳು.

ಆಗ ಕೊನೆಯ ರೀಲು ಬಂತು. ಸತ್ತವರೆಲ್ಲ ಕೆರೆಯ ದಂಡೆಯಲ್ಲಿ ಕೈ ಕೈ ಹಿಡಿದು ನಗುತ್ತ ನಿಂತಿದ್ದರು. ಟೆಂಟಿನ ತುಂಬ ಚಪ್ಪಾಳೆ ಬಿತ್ತು. ಅಜ್ಜಿ ಕಣ್ಣೊರೆಸಿಕೊಂಡು ನನ್ನ ಮೊಣಕೈ ಹಿಡಿದಳು.

"ಎಲ್ಲಾ ಬಂದ್ವು ನೋಡವ್ವಾ, ಒಂದೂ ಕಡಿಮಿ ಇಲ್ಲ. ಆದ್ರ ಆ ಡಾಕ್ಟರನ್ನ ಒಂದೀಟು ತೋರಿಸಬೇಕಿತ್ತು. ಅಂಥಾ ಕೈ ಬಳ್ಳಾರಿಯಾಗೂ ಇಲ್ಲ."

ಹುಡುಗರು ಬರಾಕತ್ಯಾರ

ಮರುದಿನ ಹೆಂಗಸರ ಕಡೆ ಕಾಲಿಡಲು ಜಾಗವಿಲ್ಲ. ಅಜ್ಜಿ ಬೀಗರನ್ನೆಲ್ಲ ಕರೆತಂದಿದ್ದಳು. ಅವತ್ತೇ ಪಿಕ್ಚರ್ ಕೊಟ್ಟವರ ಕಡೆಯ ರೆಪ್ರೆಸೆಂಟೇಟಿವ್ ಬಳ್ಳಾರಿಯಿಂದ ಬಂದ. ರೀಲು ಜೋಡಿಸಿದ್ದನ್ನು ನೋಡಿ ತಲೆ ಚಚ್ಚಿಕೊಂಡು, ಎಲ್ಲವನ್ನೂ ತಾನೇ ಸರಿಯಾಗಿ ಜೋಡಿಸಿ, ಮಿಷಿನ್ನಿನ ಪಕ್ಕದಲ್ಲೇ ಕಾವಲು ಕೂತ. ನನ್ನ ಗಂಡನ ಮುಖದಲ್ಲಿ ಎಣ್ಣೆ ಮಿಲ್ಲು ಕಾಣತೊಡಗಿತು.

ನಕ್ಕ ಹುಡುಗರೆಲ್ಲ ಸತ್ತರು. ಪಿಕ್ಚರ್ ಮುಗಿದು ದೀಪ ಹತ್ತಿತು. ಗಂಡಸರು ಎದ್ದರು. ಹೆಂಗಸರ ಕಡೆ ಒಬ್ಬರೂ ಏಳಲಿಲ್ಲ.

"ಉಳಿದದ್ದು ಹಾಕ್ರಿ," ಎಂದಳು ಒಬ್ಬಳು. ಅಜ್ಜಿ ನೆಟ್ಟಗೆ ಮಿಷಿನ್ ಕೋಣೆಗೆ ನಡೆದಳು. ಹಿಂದೆ ನಾನು.

"ತಮ್ಮಾ, ನಿನ್ನೆ ಎಲ್ಲಾರನ್ನೂ ಬದುಕಿಸಿದ್ದಿ. ಇವತ್ತು ನಿನಗೇನು ಬಂದಿತ್ತು?"

ನನ್ನ ಗಂಡ ಆ ರೆಪ್ರೆಸೆಂಟೇಟಿವ್ ಕಡೆ ಕೈ ತೋರಿಸಿದರು.

"ಪಿಕ್ಚರ್ ಇರೋದ ಹಂಗ ರೀ ಅಮ್ಮಾ," ಎಂದ ಅವನು. "ಸತ್ತವರು ಹೆಂಗ ತಿರುಗಿ ಬರ್ತಾರ?"

"ನಿನ್ನೆ ಬಂದಿದ್ರಲ್ಲ," ಎಂದಳು ಅಜ್ಜಿ. "ನಾ ಈ ಕಣ್ಣಿಂದ ನೋಡೀನಿ. ನಿನಗ ಮಕ್ಳು ಅದಾವೋ ಇಲ್ಲೋ?"

ಅವನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಮೈಕಿನಲ್ಲಿ ಮಾವನ ದನಿ ಕೇಳಿಸಿತು. "ತಾಯೇರ, ಯಾರೂ ಏಳಬ್ಯಾಡ್ರಿ. ಹುಡುಗರು ಬರಾಕತ್ಯಾರ."

ನನ್ನ ಗಂಡ ಮೊದಲನೇ ರೀಲನ್ನು ತಿರುಗಿ ಮಿಷಿನ್ನಿಗೆ ಏರಿಸಿದರು. ಅಷ್ಟು ಬೇಗ ಅವರು ರೀಲು ಏರಿಸಿದ್ದನ್ನು ನಾನೆಂದೂ ಕಂಡಿಲ್ಲ. ಎದ್ದು ಹೊರಟಿದ್ದ ಗಂಡಸರೂ ವಾಪಸು ಬಂದು ಕೂತರು. ಹುಡುಗರು ಬಸ್ಸಿನಿಂದ ಇಳಿದರು, ನಕ್ಕರು. ಮುಸುಕಿನವನು ಆ ಬಂಗಲೆಯ ವಾಚ್‌ಮನ್ ಎಂದು ಸ್ವಲ್ಪ ಮುಂಚೆ ಮುಸುಕು ಕಳಚಿದಾಗಲೇ ಎಲ್ಲರೂ ನೋಡಿದ್ದರು. ಮೊದಲನೇ ರೀಲಿನಲ್ಲಿ ಅವನಿಗಿನ್ನೂ ಮುಸುಕಿಲ್ಲ, ಹುಡುಗರ ಪೆಟ್ಟಿಗೆಗಳನ್ನು ಬಗ್ಗಿ ಬಗ್ಗಿ ಹೊರುತ್ತಾನೆ. ಹಿಂದಿನ ದಿನದ ಸಂಭ್ರಮದಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ. ಈಗ ಟೆಂಟಿಗೆ ಟೆಂಟೇ ಸಿಳ್ಳೆ ಹೊಡೆಯಿತು.

ಮಾವ ಕೋಣೆಯೊಳಗೆ ಇಣುಕಿ, "ಎಣ್ಣಿ ಮಿಲ್ಲಿಗೆ ಬ್ಯಾರೆ ಯಾರನ್ನರ ನೋಡಿಕೋ ಅಂತ ನಿಮ್ಮ ಸೋದರಮಾವಗ ಹೇಳಿ ಕಳಿಸು," ಎಂದು ಹೋದರು. ಗಂಡ ಮಿಷಿನ್ನಿಗೆ ಇನ್ನೊಮ್ಮೆ ವಿಭೂತಿ ಹಚ್ಚಿದರು.

ಅಜ್ಜಿ ಮಾತ್ರ ಆ ರೆಪ್ರೆಸೆಂಟೇಟಿವನ ಭುಜ ಹಿಡಿದು, ಪರದೆಯ ಮೇಲೆ ಪೆಟ್ಟಿಗೆ ಹೊರುವವನನ್ನು ತೋರಿಸಿದಳು.

"ನೋಡಪ್ಪಾ, ಕಡಿದವನ ತಲಿ ಮ್ಯಾಲೇ ಗಂಟು ಹೊರಿಸ್ಯಾರ. ಇಂಥಾ ನ್ಯಾಯ ಇರೋ ಪಿಕ್ಚರನ್ನ ಅರ್ಧಕ್ಕ ನಿಲ್ಲಿಸಾಕ ಹೊಂಟಿದ್ದೆಲ್ಲೋ."